ಉಳ್ಳೂರ್: ಜಂಕ್ಷನ್ ಅಡಿಯಲ್ಲಿ ಒಂದು ಹಳ್ಳಿ



ನಾನು ಕಾಸರಗೋಡಿನವ, ಪೆರ್ಲದ ಹತ್ತಿರದ ಒಂದು ಹಳ್ಳಿಯವ. ಎಂ.ಟೆಕ್. ಓದಲಿಕ್ಕೆ ಅಂತ ತಿರುವನಂತಪುರಕ್ಕೆ ಹೋದವನು, ಟೆಕ್ನೋಪಾರ್ಕಿನಲ್ಲಿ ಕೆಲಸ ಸಿಕ್ಕಿ ಅಲ್ಲೇ ಉಳಿದುಬಿಟ್ಟೆ. ವಾಸ ಇರೋದು ಉಳ್ಳೂರಿನಲ್ಲಿ. ತಿರುವನಂತಪುರದ ರೈಲ್ವೆ ಸ್ಟೇಷನ್ನಿನಿಂದ ಉತ್ತರಕ್ಕೆ ಆರೇಳು ಕಿಲೋಮೀಟರ್. ಒಂದು ಜಂಕ್ಷನ್, ಸಿಗ್ನಲ್, ಬೇಕರಿಗಳು, ಮೆಡಿಕಲ್ ಶಾಪುಗಳು, ಯಾವಾಗಲೂ ಆಂಬುಲೆನ್ಸ್ ಸದ್ದು. ಹೊಸಬರು ಯಾರೂ ಇದನ್ನು ಹಳ್ಳಿ ಅಂತ ಕರೆಯಲಿಕ್ಕಿಲ್ಲ. ಆದರೂ ನಾನು ಇವತ್ತು ಮಾತಾಡುವುದು ಒಂದು ಹಳ್ಳಿಯ ಭೂಗೋಳ, ಚರಿತ್ರೆಯ ಬಗ್ಗೆಯೇ.

ಇದು ಶುರುವಾದದ್ದು ಒಂದು ಆಫೀಸ್ ಕಾಲ್‌ನಲ್ಲಿ. ನಮ್ಮ ಒಂದು ಪ್ರಾಜೆಕ್ಟಿನ ಕ್ಲೈಂಟ್ ಟೀಮ್ ಚೆಕ್ ದೇಶದ ಬ್ರನೋ ನಗರದಲ್ಲಿತ್ತು. ಮೀಟಿಂಗಿಗೆ ಎಲ್ಲರೂ ಸೇರುವ ತನಕ ಎರಡು ನಿಮಿಷ ಹರಟೆ ಇರ್ತದಲ್ಲ, ಅಂಥ ಹೊತ್ತಲ್ಲಿ ಅಲ್ಲಿನ ಒಬ್ಬ ಇಂಜಿನಿಯರ್ ತನ್ನ ಊರಿನ ಬಗ್ಗೆ ಹೇಳಿದ. ನಾಲ್ಕೈದು ನೂರು ಜನರ ಹಳ್ಳಿ. ಆದರೆ ಊರಿನ ಹೆಸರು ಮೊದಲು ಯಾವ ದಾಖಲೆಯಲ್ಲಿ ಬಂತು, ಯಾವ ವರ್ಷ ಬೆಂಕಿ ಬಿತ್ತು, ಹೊಳೆ ಎಲ್ಲಿಯವರೆಗೆ ಏರಿತು, ಎಲ್ಲ ಅವನಿಗೆ ಗೊತ್ತು. ನಿನಗೆ ಇದೆಲ್ಲ ಹೇಗೆ ಗೊತ್ತು ಮಾರಾಯ ಅಂತ ಕೇಳಿದೆ. ಊರಿನ ಪುಸ್ತಕದಲ್ಲಿ ಇದೆ ಅಂದ.

ಅದು ಅಲ್ಲಿನ ಕಾನೂನು. ಚೆಕೊಸ್ಲೊವಾಕಿಯಾ ಎಂಬ ದೇಶ ಹುಟ್ಟಿದ್ದು 1918ರಲ್ಲಿ. 1920ರ ಜನವರಿಯಲ್ಲೇ ಅವರು ಒಂದು ಕಾಯಿದೆ ಮಾಡಿದರು: ಪ್ರತಿ ಊರೂ ಒಂದು ನೆನಪಿನ ಪುಸ್ತಕ ಇಡಬೇಕು, ಬರೆಯಲಿಕ್ಕೆ ಒಬ್ಬರನ್ನು ನೇಮಿಸಬೇಕು. ಈಗಿನ ಚೆಕ್ ಗಣರಾಜ್ಯವೂ 2006ರಲ್ಲಿ ಹೊಸ ಕಾಯಿದೆ ಮಾಡಿ ಅದನ್ನು ಮುಂದುವರಿಸಿತು. ಒಟ್ಟು ಆರು ಸಾವಿರಕ್ಕೂ ಹೆಚ್ಚು ಊರುಗಳು. ದೇಶ ಹುಟ್ಟಿ ಇನ್ನೂ ಎರಡು ವರ್ಷ ಆಗಿರಲಿಲ್ಲ, ಅಷ್ಟರಲ್ಲಿ ಅವರಿಗೆ ಇದು ತುರ್ತು ಅಂತ ಅನ್ನಿಸಿತ್ತು ನೋಡಿ.

ಆಮೇಲೆ ಅವನು ಕೇಳಿದ, ನೀನಿರುವ ಊರು ಹೇಗೆ ಅಂತ. ನಾನು ಅಂದೆ: ಮೆಡಿಕಲ್ ಕಾಲೇಜು ಹತ್ತಿರ, ಟ್ರಾಫಿಕ್ ಜಾಸ್ತಿ.

ಏಳು ವರ್ಷ ಬಾಡಿಗೆಗೆ ಇದ್ದ ಊರಿನ ಬಗ್ಗೆ ನನಗೆ ಗೊತ್ತಿದ್ದದ್ದು ಅಷ್ಟೇ.

ಹೆಸರಿನಿಂದ ಶುರು ಮಾಡ್ತೇನೆ. ಕನ್ನಡದವರಿಗೆ ಉಳ್ಳೂರ್ ಅಂದ ಕೂಡಲೇ ‘ಉಳ್ಳವರ ಊರು’ ಅನ್ನಿಸಬಹುದು. ಈಗಿನ ಬಾಡಿಗೆ ನೋಡಿದರೆ ಅದೂ ಸರಿಯೇ (ನಗು). ಮಲಯಾಳದಲ್ಲಿ ‘ಉಳ್ಳ್’ ಅಂದರೆ ಒಳಗು, ನಮ್ಮ ‘ಒಳ’ದ ಅಕ್ಕತಂಗಿ ಶಬ್ದ. ಹಾಗೆ ಓದಿದರೆ ಒಳ ಊರು. ಇದೇ ಹೆಸರಿನ ಊರುಗಳು ನಮ್ಮಲ್ಲೂ ಉಂಟು. ಕುಂದಾಪುರ ತಾಲೂಕಿನಲ್ಲಿ ಉಳ್ಳೂರು, ಸಾಗರ ತಾಲೂಕಿನಲ್ಲಿ ಉಳ್ಳೂರು. ಗುಡ್ಡಗಳ ನಡುವೆ ಒಳಗೆ ಒಂದು ಊರಿದ್ದರೆ ಇಟ್ಟ ಹೆಸರು ಒಂದೇ.

ಕೇರಳದಲ್ಲಿ ಮಾತ್ರ ಉಳ್ಳೂರ್ ಅಂದರೆ ಜನರಿಗೆ ಮೊದಲು ನೆನಪಾಗುವುದು ಊರಲ್ಲ, ಕವಿ. ಉಳ್ಳೂರ್ ಎಸ್. ಪರಮೇಶ್ವರ ಅಯ್ಯರ್. ಕುಮಾರನ್ ಆಶಾನ್, ವಳ್ಳತ್ತೋಳ್, ಉಳ್ಳೂರ್, ಈ ಮೂವರನ್ನು ಮಲಯಾಳಂನ ಕವಿತ್ರಯ ಅಂತಾರೆ. ‘ಉಮಾಕೇರಳಂ’ ಎಂಬ ಮಹಾಕಾವ್ಯ ಬರೆದವರು, ಮಲಯಾಳ ಸಾಹಿತ್ಯದ ಚರಿತ್ರೆಯನ್ನು ಸಂಪುಟಗಟ್ಟಲೆ ಬರೆದವರು, ತಿರುವಾಂಕೂರು ಸರಕಾರದಲ್ಲಿ ದೊಡ್ಡ ಅಧಿಕಾರಿ. ನಮ್ಮ ಮಾಸ್ತಿಯವರ ಹಾಗೆಯೇ, ಊರಿನ ಹೆಸರೇ ಮನುಷ್ಯನ ಹೆಸರಾಯಿತು. ಇಬ್ಬರೂ ಸರಕಾರಿ ಅಧಿಕಾರಿಗಳು. ಇಬ್ಬರೂ ಹುಟ್ಟಿದ್ದು ಜೂನ್ 6ರಂದು. ಉಳ್ಳೂರ್ 1877ರಲ್ಲಿ, ಮಾಸ್ತಿ 1891ರಲ್ಲಿ. ಇದರಿಂದ ಏನೂ ಸಾಬೀತಾಗುವುದಿಲ್ಲ, ನನಗೆ ಖುಷಿಯಾಯಿತು ಅಂತ ಹೇಳಿದೆ ಅಷ್ಟೇ.

ತಮಾಷೆ ಏನೆಂದರೆ, ಉಳ್ಳೂರ್ ಕವಿಯ ತಂದೆಯ ಊರು. ಕವಿ ಹುಟ್ಟಿದ್ದು ಚಂಗನಾಶ್ಶೇರಿ ಹತ್ತಿರದ ಪೆರುನ್ನದಲ್ಲಿ. ಮನೆ ಕಟ್ಟಿ ಬಾಳಿದ್ದು ತಿರುವನಂತಪುರದ ಜಗತಿ ಎಂಬಲ್ಲಿ. ಸ್ಮಾರಕ ಇರುವುದೂ ಜಗತಿಯಲ್ಲೇ. ಉಳ್ಳೂರ್ ಸ್ಮಾರಕ ಎಲ್ಲಿ ಅಂತ ಹುಡುಕಿಕೊಂಡು ಉಳ್ಳೂರಿಗೆ ಬಂದವರನ್ನು ಆಟೋದವರು ನಗುತ್ತಾ ವಾಪಸ್ ಪೇಟೆಗೆ ಕರಕೊಂಡು ಹೋಗ್ತಾರೆ. ಊರು ತನ್ನ ಹೆಸರನ್ನು ಕವಿಗೆ ಕೊಟ್ಟಿತು, ತಾನು ಜಂಕ್ಷನ್ ಆಗಿ ಉಳಿಯಿತು.

ಜಂಕ್ಷನ್ ಆಗಲಿಕ್ಕೆ ಕಾರಣ ರಸ್ತೆ. ಉಳ್ಳೂರಿನಿಂದ ಪೇಟೆಯ ಕಡೆಗೆ ಹೋದರೆ ಮುಂದಿನ ದೊಡ್ಡ ಕೂಡುರಸ್ತೆ ಕೇಶವದಾಸಪುರಂ. ರಾಜಾ ಕೇಶವದಾಸ್ ಹೆಸರಿನದ್ದು. 1789ರಲ್ಲಿ ಟಿಪ್ಪು ಸುಲ್ತಾನ್ ತಿರುವಾಂಕೂರಿನ ನೆಡುಂಕೋಟ್ಟ ಎಂಬ ಗಡಿಗೋಡೆಯ ಮೇಲೆ ಏರಿಹೋದಾಗ ಅಲ್ಲಿ ದಿವಾನರಾಗಿದ್ದವರು ಇವರು. ಮೈಸೂರಿನ ಕಡೆಯ ಪುಸ್ತಕದಲ್ಲಿ ನಾವು ಆ ಯುದ್ಧವನ್ನು ಈಚೆಯಿಂದ ಓದ್ತೇವೆ, ಇಲ್ಲಿಯವರು ಆಚೆಯಿಂದ. ಆ ಕೂಡುರಸ್ತೆಯಲ್ಲಿ ಮೈನ್ ಸೆಂಟ್ರಲ್ ರೋಡ್ ಶುರುವಾಗಿ ಸುಮಾರು 240 ಕಿ.ಮೀ. ಓಡಿ ಅಂಗಮಾಲಿಯಲ್ಲಿ ಮುಗಿಯುತ್ತದೆ. ಇನ್ನೊಂದು ಕವಲು ಉಳ್ಳೂರ್, ಶ್ರೀಕಾರ್ಯಂ ಮೇಲಾಗಿ ಕಳಕ್ಕೂಟ್ಟಕ್ಕೆ. ಅದು ಹಳೆಯ ರಾಷ್ಟ್ರೀಯ ಹೆದ್ದಾರಿ 47. ಬೈಪಾಸ್ ಆದ ಮೇಲೆ ಹೆದ್ದಾರಿ ಪಡುವಣಕ್ಕೆ ಸರಿಯಿತು. ಟ್ರಾಫಿಕ್ ಮಾತ್ರ ಸರಿಯಲಿಲ್ಲ.

ಇಷ್ಟನ್ನು ಯಾರಾದರೂ ಓದಿ ತಿಳಿಯಬಹುದು. ನನಗೆ ಊರು ನಿಜವಾಗಿ ಕಾಣಲಿಕ್ಕೆ ಶುರುವಾದದ್ದು ಮನೆ ತೆಗೆದುಕೊಳ್ಳಲಿಕ್ಕೆ ಹೊರಟಾಗ.

2021ರಲ್ಲಿ ನಾನು, ನನ್ನ ಹೆಂಡತಿ ಮನೆ ನೋಡಲು ಶುರು ಮಾಡಿದೆವು. ಜಂಕ್ಷನ್ನಿನಿಂದ ಇಳಿದು ಹೋಗುವ ಒಂದು ಓಣಿಯಲ್ಲಿ ಒಂದು ಮನೆ. ಚೆನ್ನಾಗಿತ್ತು, ಸುತ್ತಮುತ್ತಲಿನ ರೇಟಿಗಿಂತ ಕಡಿಮೆ. ಪತ್ರ ನೋಡಿದರೆ ಜಾಗದ ಬಗೆ ಎಂಬಲ್ಲಿ ‘ನಿಲಂ’ ಅಂತ ಬರೆದಿತ್ತು. ಕೇರಳದ ಕಂದಾಯ ದಾಖಲೆಯಲ್ಲಿ ಭೂಮಿ ಮುಖ್ಯವಾಗಿ ಎರಡು ಬಗೆ: ಪುರಯಿಡಂ ಅಂದರೆ ಮನೆ, ತೋಟದ ಒಣ ಜಾಗ, ನಿಲಂ ಅಂದರೆ ಗದ್ದೆ. ಬ್ರೋಕರ್ ಹೇಳಿದ, ಅದು ಹೆಸರಿಗೆ ಮಾತ್ರ ಸಾರ್, ಇಲ್ಲಿ ಎಲ್ಲರದ್ದೂ ಹಾಗೇ. ನಿಜವೇ ಇರಬಹುದು. ಕೇರಳ 2008ರಲ್ಲಿ ಗದ್ದೆ ಮತ್ತು ಜೌಗುಭೂಮಿ ಉಳಿಸುವ ಕಾಯಿದೆ ತಂದಿತು. ಯಾವುದು ಗದ್ದೆ ಅಂತ ಪಟ್ಟಿ ಮಾಡಲಿಕ್ಕೆ ಒಂದು ಡೇಟಾ ಬ್ಯಾಂಕ್. ಅದರಲ್ಲಿ ಸೇರದ ನಿಲಂ ಆದರೆ ಶುಲ್ಕ ಕಟ್ಟಿ ಬಗೆ ಬದಲಿಸಬಹುದು ಅಂತ 2018ರಲ್ಲಿ ತಿದ್ದುಪಡಿ. ನಾನು ಸಾಫ್ಟ್‌ವೇರ್‌ನವ. ಡೇಟಾಬೇಸಿನಲ್ಲಿ ಒಂದು ಫೀಲ್ಡ್ ಬದಲಿಸಿದರೆ ಕೆಲಸ ಮುಗಿಯಿತು ಅಂತ ನಂಬುವ ಜಾತಿ. ಹೆಚ್ಚುಕಮ್ಮಿ ಒಪ್ಪಿದ್ದೆ.

ಓಣಿಯ ತಲೆಯಲ್ಲಿ ಒಂದು ಚಹಾದಂಗಡಿ ಉಂಟು. ಅಂಗಡಿಯವರಿಗೆ ಎಪ್ಪತ್ತು ದಾಟಿದೆ. ತಿರುವನಂತಪುರದಲ್ಲಿ ಚೇಟ್ಟ ಅನ್ನುವುದಕ್ಕಿಂತ ಅಣ್ಣ ಅನ್ನುವುದು ಹೆಚ್ಚು, ನಮಗೆ ಅನುಕೂಲ. ಅಣ್ಣಾ, ಕೆಳಗಿನ ಆ ಮನೆ ಹೇಗೆ ಅಂತ ಕೇಳಿದೆ. ಅವರು ಚಹಾ ಎತ್ತಿ ಹೊಯ್ಯುವುದನ್ನು ನಿಲ್ಲಿಸಲಿಲ್ಲ. “ಅದು ಏಲಾ ಅಲ್ಲವಾ ಮೋನೇ. ನಾನು ಅಲ್ಲಿ ಮೀನು ಹಿಡಿದವ” ಅಂದರು.

ಏಲಾ ಅಂದರೆ ತೆಂಕಣ ಕೇರಳದಲ್ಲಿ ಎರಡು ಗುಡ್ಡದ ನಡುವಿನ ಗದ್ದೆಯ ಸಾಲು. ಆ ಶಬ್ದ ಕೇಳಿದ ಕೂಡಲೇ ನನಗೆ ನಮ್ಮ ಊರು ಕಂಡಿತು. ದಕ್ಷಿಣ ಕನ್ನಡ, ಕಾಸರಗೋಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಉಳಿದವರಿಗೆ ಹೇಳ್ತೇನೆ. ನಮ್ಮಲ್ಲಿ ಗದ್ದೆಗೆ ಮೂರು ಅಂತಸ್ತು. ಎಲ್ಲಕ್ಕಿಂತ ಕೆಳಗೆ ನೀರು ನಿಲ್ಲುವುದು ಬೈಲು. ಅದರ ಮೇಲೆ ಮಜಲು. ಮಳೆ ನಂಬಿ ಒಂದೇ ಬೆಳೆ ತೆಗೆಯುವ ಮೇಲಿನದ್ದು ಬೆಟ್ಟು. ಅದಕ್ಕೂ ಮೇಲೆ ಗುಡ್ಡೆ, ಮುರಕಲ್ಲು. ಬೈಲಿನ ನಡುವೆ ತೋಡು. ಮಲಯಾಳದಲ್ಲೂ ತೋಡ್ ಅಂತಲೇ ಹೇಳುವುದು. ಅಜ್ಜನಿಗೆ ಬೈಲಿನಲ್ಲಿ ಮನೆ ಕಟ್ಟುವವನನ್ನು ಕಂಡರೆ ನಗು ಬರ್ತಿತ್ತು. ಮನೆ ಬೆಟ್ಟಿನ ಅಂಚಿಗೆ, ಬೈಲು ನೀರಿಗೆ, ಭತ್ತಕ್ಕೆ.

ಆವತ್ತಿನಿಂದ ನಾನು ಉಳ್ಳೂರಿನಲ್ಲಿ ನಡೆಯುವಾಗ ಅಂಗಡಿಗಳ ಬೋರ್ಡ್ ನೋಡುವುದು ಬಿಟ್ಟು ಇಳಿಜಾರು ನೋಡಲು ಶುರು ಮಾಡಿದೆ. ರಸ್ತೆ ಎಲ್ಲಿ ಏರ್ತದೆ, ಸ್ಕೂಟರ್ ಎಲ್ಲಿ ಬ್ರೇಕ್ ಇಲ್ಲದೆ ಓಡ್ತದೆ. ಗುಡ್ಡ, ಕಣಿವೆ, ಮತ್ತೆ ಗುಡ್ಡ, ಕೈಬೆರಳುಗಳ ಹಾಗೆ. ಗುಡ್ಡ ಎಲ್ಲ ಕೆಂಪು ಮುರಕಲ್ಲು. ಈ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟವರು ಫ್ರಾನ್ಸಿಸ್ ಬುಕಾನನ್. ಮೈಸೂರು, ಕೆನರಾ, ಮಲಬಾರ್ ಸುತ್ತಿ 1807ರಲ್ಲಿ ಪುಸ್ತಕ ತಂದ ಅದೇ ಬುಕಾನನ್. ಹೆಸರು ಕೊಟ್ಟದ್ದು ಮಲಪ್ಪುರದ ಅಂಗಾಡಿಪುರದ ಕಲ್ಲು ನೋಡಿ. ಮುರಕಲ್ಲು ಮಳೆಯನ್ನು ಕುಡಿದು ಇಟ್ಟುಕೊಂಡು ನಿಧಾನಕ್ಕೆ ಬುಡದಲ್ಲಿ ಬಿಡುತ್ತದೆ. ನಮ್ಮ ಕಡೆ ಅದರೊಳಗೆ ಅಡ್ಡಕ್ಕೆ ಕೊರೆದು ಸುರಂಗ ಮಾಡಿ ನೀರು ತರ್ತೇವೆ. ಇಲ್ಲಿ ಬಾವಿ. ಮೇಲಿನ ಒಣ ಜಾಗದಲ್ಲಿ ತೆಂಗು, ಮರಗೆಣಸು. ಮರಗೆಣಸಿಗೆ ತಿರುವಾಂಕೂರಿನಲ್ಲಿ ದೊಡ್ಡ ಒತ್ತು ಕೊಟ್ಟವರು 1880ರಿಂದ 1885ರವರೆಗೆ ಆಳಿದ ವಿಶಾಖಂ ತಿರುನಾಳ್ ಮಹಾರಾಜ. ದೇಶದ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ಈಗಲೂ ಪಕ್ಕದ ಶ್ರೀಕಾರ್ಯಂನಲ್ಲಿದೆ, 1963ರಿಂದ.

ಜಾಗದ ಹೆಸರುಗಳೂ ಇದನ್ನೇ ಹೇಳ್ತಾ ಇದ್ದವು, ನಾನು ಕೇಳಿರಲಿಲ್ಲ. ಪೋಟ್ಟಕ್ಕುಳಿ, ಚಾಲಕ್ಕುಳಿ. ಕುಳಿ ಅಂದರೆ ನಮ್ಮ ಕುಳಿಯೇ, ತಗ್ಗು. ಮುರಿಞ್ಞಪಾಲಂ, ಅಂದರೆ ಮುರಿದ ಸೇತುವೆ. ಸೇತುವೆ ಇದ್ದ ಮೇಲೆ ಕೆಳಗೆ ನೀರೂ ಇರಬೇಕಲ್ಲ? ಬಸ್ಸಿನಲ್ಲಿ ಕಂಡಕ್ಟರ್ ದಿನಾ ಆ ಹೆಸರು ಕೂಗ್ತಾನೆ. ಪೊಂಗುಮ್ಮೂಡ್ ಅಂದರೆ ಪೊಂಗು ಮರದ ಬುಡ. ಕೊಚ್ಚುಳ್ಳೂರ್, ಸಣ್ಣ ಉಳ್ಳೂರ್. ಕೋಡ್ ಬರೆಯುವಾಗ ನಾವು ಹೆಸರು ಹಾಗೆಯೇ ಇಡೋದಲ್ವಾ, ಆಮೇಲೆ ಬಂದವನಿಗೆ ಏನು ಅಂತ ಗೊತ್ತಾಗಲಿ ಅಂತ. ಆಮೇಲೆ ಬಂದವನು ಓದಬೇಕು ಅಷ್ಟೇ.

ಹಾಗಾದರೆ ನೀರು ಎಲ್ಲಿಗೆ ಹೋಗ್ತದೆ? ಉಳ್ಳೂರ್ ತೋಡ್, ಪಟ್ಟಂ ತೋಡ್, ನಗರದ ನಡುವಿನಿಂದ ಬರುವ ಆಮಯಿಳಂಚಾನ್ ತೋಡ್, ಮೂರೂ ಕೊನೆಗೆ ಸೇರುವುದು ಪಡುವಣದ ಆಕ್ಕುಳಂ ಕೆರೆಗೆ. ಅಲ್ಲಿಂದ ವೇಳಿ, ವೇಳಿಯಿಂದ ಸಮುದ್ರ. ಸಮುದ್ರದ ಬಾಯಿಯಲ್ಲಿ ಮರಳಿನ ದಿಣ್ಣೆ, ಪೊಳಿ ಅಂತಾರೆ. ಅದು ತೆರೆದರೆ ಮಾತ್ರ ನೀರು ಹೊರಗೆ. ಆಕ್ಕುಳಂ ಈಗ ಹೂಳು ತುಂಬಿ, ಅಂತರಗಂಗೆ ಹಬ್ಬಿ ಕೆಲವು ಕಡೆ ಮೈದಾನದ ಹಾಗೆ ಕಾಣ್ತದೆ. ಅದರ ಪಕ್ಕದ ಎತ್ತರದಲ್ಲೇ ದೇಶದ ಭೂವಿಜ್ಞಾನ ಅಧ್ಯಯನ ಕೇಂದ್ರ ಉಂಟು. ಆಮಯಿಳಂಚಾನ್ ತೋಡ್‌ನ ಹೆಸರನ್ನು ನೀವು 2024ರ ಜುಲೈಯಲ್ಲಿ ಸುದ್ದಿಯಲ್ಲಿ ಕೇಳಿರಬಹುದು. ರೈಲ್ವೆ ಸ್ಟೇಷನ್ನಿನ ಅಡಿಯ ಸುರಂಗದಂಥ ಭಾಗದಲ್ಲಿ ಕಸ ತೆಗೆಯಲು ಇಳಿದ ಒಬ್ಬ ಕಾರ್ಮಿಕ ಕೊಚ್ಚಿಹೋದ. ಶವ ಸಿಕ್ಕಿದ್ದು ಎರಡು ದಿನ ಬಿಟ್ಟು.

ಮಳೆಯ ಲೆಕ್ಕ ಹೇಳ್ತೇನೆ. ಕಾಸರಗೋಡಿಗೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ತಿರುವನಂತಪುರಕ್ಕೆ ಸುಮಾರು 1,800. ನಮ್ಮ ಅರ್ಧ. ಆದರೆ ಅಲ್ಲಿಗೆ ಎರಡು ಸಲ ಬರ್ತದೆ, ಜೂನ್‌ನಲ್ಲಿ ಒಮ್ಮೆ, ಅಕ್ಟೋಬರ್-ನವೆಂಬರ್‌ನಲ್ಲಿ ಇನ್ನೊಮ್ಮೆ. ಅರ್ಧ ಮಳೆಗೇ ಮನೆಗೆ ನೀರು ನುಗ್ಗುವುದು ಯಾಕೆ ಅಂದರೆ, ನೀರು ಕುಳಿತುಕೊಳ್ಳುವ ಜಾಗದಲ್ಲಿ ನಾವು ಕುಳಿತಿದ್ದೇವೆ. 1970ರ ದಶಕದ ನಡುವೆ ಕೇರಳದಲ್ಲಿ ಸುಮಾರು 8.8 ಲಕ್ಷ ಹೆಕ್ಟೇರ್ ಭತ್ತದ ಗದ್ದೆ ಇತ್ತು. ಈಗ ಸುಮಾರು ಎರಡು ಲಕ್ಷ.

ಗದ್ದೆ ಹೋಯಿತು ಅಂತ ಬೇಸರ ಮಾಡುವಾಗ ಒಂದು ವಿಷಯ ಮರೆಯಬಾರದು. ಆ ಗದ್ದೆಯಲ್ಲಿ ಸೊಂಟ ಬಗ್ಗಿಸಿದವರು ಯಾರು? ಆಕ್ಕುಳಂ ಬದಿಯಲ್ಲಿ ಒಂದು ಗುಡ್ಡದ ಹೆಸರು ಪುಲಯನಾರ್‌ಕೋಟ್ಟ. ಪುಲಯ ದೊರೆಯ ಕೋಟೆ ಅಂತ ಜನರ ಮಾತು. ದೊರೆಯ ಹೆಸರಿನಲ್ಲಿ ಗುಡ್ಡ ಉಳಿಯಿತು, ಅದೇ ಜಾತಿಯವರು ಶತಮಾನಗಟ್ಟಲೆ ಕೆಸರಿನಲ್ಲಿ ಜೀತ ಮಾಡಿದರು. ನಗರದ ತೆಂಕಣದ ವೆಂಙಾನೂರಿನ ಅಯ್ಯಂಕಾಳಿ, ನಮ್ಮ ಮಕ್ಕಳನ್ನು ಶಾಲೆಗೆ ಸೇರಿಸದಿದ್ದರೆ ನಿಮ್ಮ ಗದ್ದೆಗೆ ಇಳಿಯುವುದಿಲ್ಲ ಅಂತ ಮುಷ್ಕರ ಹೂಡಿದ್ದು 20ನೆಯ ಶತಮಾನದ ಆರಂಭದಲ್ಲಿ. ಶಾಲೆ ಬೇಕು ಅಂತ. ಉಳ್ಳೂರಿನಿಂದ ಶ್ರೀಕಾರ್ಯಂ ದಾಟಿ ಒಳಕ್ಕೆ ಹೋದರೆ ಚೆಂಬಳಂದಿ, 1856ರಲ್ಲಿ ನಾರಾಯಣ ಗುರು ಹುಟ್ಟಿದ ಊರು. ಮಂಗಳೂರಿನ ಕುದ್ರೋಳಿಯಲ್ಲಿ 1912ರಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠೆ ಮಾಡಿದ ಗುರುಗಳು ಇಂಥದ್ದೇ ಗುಡ್ಡ, ಇಂಥದ್ದೇ ಏಲಾ ನೋಡಿ ಬೆಳೆದವರು. ಇನ್ನೊಂದು ಬದಿಗೆ, ತೋಡಿನ ಕೆಳಪಾತ್ರದ ಕಣ್ಣಮ್ಮೂಲದಲ್ಲಿ ಚಟ್ಟಂಬಿ ಸ್ವಾಮಿಗಳು 1853ರಲ್ಲಿ ಹುಟ್ಟಿದರು. ನಾನು ಇಷ್ಟು ವರ್ಷ ಈ ಊರನ್ನು ಆಫೀಸಿಗೆ ಹೋಗುವ ದಾರಿ ಅಂತ ತಿಳಿದಿದ್ದೆ.

ಊರಿನ ಎತ್ತರದ ಗುಡ್ಡದಲ್ಲಿ ಮೆಡಿಕಲ್ ಕಾಲೇಜು, 1951ರದ್ದು, ನೆಹರು ಬಂದು ಉದ್ಘಾಟಿಸಿದ್ದು. ಅದೇ ಆವರಣದಲ್ಲಿ ಶ್ರೀಚಿತ್ರಾ ತಿರುನಾಳ್ ಸಂಸ್ಥೆ, 1981ರಿಂದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ. ಶ್ರೀಚಿತ್ರಾವನ್ನು ಕಟ್ಟಿದ ಡಾ. ವಲಿಯತ್ತಾನ್ ಆಮೇಲೆ ಮಣಿಪಾಲದ ಕುಲಪತಿಯಾಗಿ ನಮ್ಮ ಕಡೆಗೆ ಬಂದವರು. ಗದ್ದೆಯನ್ನು ನುಂಗಿದ್ದು ಒಂದು ಲೆಕ್ಕದಲ್ಲಿ ಈ ಗುಡ್ಡವೇ: ನರ್ಸುಗಳು, ವಿದ್ಯಾರ್ಥಿಗಳು, ರೋಗಿಯ ಜತೆಗೆ ಬಂದವರು, ಎಲ್ಲರಿಗೂ ಬಾಡಿಗೆ ಕೋಣೆ ಬೇಕು. ಕಾಸರಗೋಡಿನಿಂದ ಬಂದವರೂ ಸಿಗ್ತಾರೆ. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದೆವು, ರಾಜಧಾನಿ ವಂದೇ ಭಾರತ್ ರೈಲಿನಲ್ಲೂ ಸುಮಾರು ಎಂಟು ಗಂಟೆಯ ದಾರಿ. ಫಾರ್ಮಸಿಯ ಸಾಲಿನಲ್ಲಿ ಯಾರೋ ತುಳುವಿನಲ್ಲೋ ಕನ್ನಡದಲ್ಲೋ ಫೋನ್ ಮಾಡುವುದು ಕೇಳಿದರೆ ನಾನು ನಿಲ್ತೇನೆ. ಚೀಟಿ ಓದಿ ಹೇಳ್ತೇನೆ. ಅವರಿಗೆ ಇದು ಊರಲ್ಲ, ಆಸ್ಪತ್ರೆ. ಗದ್ದೆ ತುಂಬಿಸಿದ್ದು ತಪ್ಪು ಅಂತ ನಾನು ಸುಲಭವಾಗಿ ಹೇಳಲಾರೆ, ಅವರು ಮಲಗುವುದು ಆ ಕೋಣೆಗಳಲ್ಲೇ.

2000ದವರೆಗೆ ಉಳ್ಳೂರ್ ಒಂದು ಗ್ರಾಮ ಪಂಚಾಯತ್ ಆಗಿತ್ತು. ಆ ವರ್ಷ ಕಡಕಂಪಳ್ಳಿ, ಆಟ್ಟಿಪ್ರ ಮುಂತಾದವುಗಳ ಜತೆಗೆ ನಗರಪಾಲಿಕೆಗೆ ಸೇರಿತು. 2010ರಲ್ಲಿ ಶ್ರೀಕಾರ್ಯಂ, ಕಳಕ್ಕೂಟ್ಟಂ ಕೂಡ. ಕಾಗದದಲ್ಲಿ ಹಳ್ಳಿ ಮುಗಿದದ್ದು ಹಾಗೆ.

ಆ ಮನೆಯ ಕತೆ ಹೇಳಿ ನಿಲ್ಲಿಸ್ತೇನೆ.

ನಾವು ಅದನ್ನು ತೆಗೆದುಕೊಳ್ಳಲಿಲ್ಲ. ಅಣ್ಣನ ಮಾತು ಕೇಳಿ ಬಿಟ್ಟೆವು. ಐದಾರು ತಿಂಗಳ ನಂತರ ನಮ್ಮ ಟೀಮಿನ ಹುಡುಗನೊಬ್ಬ, ಪಾಲಕ್ಕಾಡಿನವ, ಊಟದ ಹೊತ್ತಲ್ಲಿ ಮೊಬೈಲ್ ತೋರಿಸಿದ. ಅದೇ ಮನೆ. ಅಡ್ವಾನ್ಸ್ ಕೊಟ್ಟಾಗಿತ್ತು. ಹೇಗಿದೆ ಅಂತ ಕೇಳಿದ. ನಾನು, “ಪತ್ರ ಸರಿ ನೋಡಿಸು” ಅಂದೆ. ಅಷ್ಟೇ ಅಂದೆ. ಅದು ಏಲಾ, ಅಲ್ಲಿ ಮೀನು ಹಿಡಿಯುತ್ತಿದ್ದರು, ಹಾಗಾಗಿ ನಾನು ಬಿಟ್ಟೆ ಅಂತ ಹೇಳಲಿಲ್ಲ. ಅಡ್ವಾನ್ಸ್ ಕೊಟ್ಟವನ ಖುಷಿ ಯಾಕೆ ಕೆಡಿಸುವುದು ಅಂತ ಅಂದುಕೊಂಡೆ. ಹೇಳಿದ್ದರೆ ಕೇಳ್ತಿದ್ದನೋ ಇಲ್ಲವೋ, ಅದು ಬೇರೆ ವಿಷಯ.

2023ರ ಅಕ್ಟೋಬರ್ 14ರ ರಾತ್ರಿ ಮಳೆ ಹಿಡಿಯಿತು. ನಗರದಲ್ಲಿ ಗೌರೀಶಪಟ್ಟಂ, ಕಣ್ಣಮ್ಮೂಲ, ಅತ್ತ ಟೆಕ್ನೋಪಾರ್ಕಿನ ಸುತ್ತ ತೆಟ್ಟಿಯಾರ್ ತೋಡಿನ ಬದಿ, ಎಲ್ಲ ನೀರು. ಬೆಳಗ್ಗಿನ ಜಾವ ಅವನ ಫೋನ್ ಬಂತು. ಹೋದಾಗ ಓಣಿ ಇರಲಿಲ್ಲ, ತೋಡು ಇತ್ತು. ಅವನ ಅಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಎತ್ತಿಕೊಂಡು ಚಹಾದಂಗಡಿಯವರೆಗೆ ತಂದೆವು. ಅಂಗಡಿ ಇರುವುದು ಮಜಲಿನಲ್ಲಿ, ಅಲ್ಲಿಗೆ ನೀರು ಬಂದಿರಲಿಲ್ಲ. ಅಣ್ಣ ಅವರಿಗೆ ಬಿಸಿ ಚಹಾ ಕೊಟ್ಟರು. ನನ್ನ ಕಡೆಗೆ ನೋಡಲಿಲ್ಲ, ಅಥವಾ ನನಗೆ ಹಾಗೆ ಅನ್ನಿಸಿತು.

ಆ ಮೇಲೆ ಒಂದು ನೋಟ್‌ಬುಕ್ ತಂದೆ. ವಾರಕ್ಕೊಮ್ಮೆ ಅಂಗಡಿಯಲ್ಲಿ ಕೂತು ಅಣ್ಣನನ್ನು ಕೇಳ್ತೇನೆ, ಬರೆದುಕೊಳ್ತೇನೆ. ಯಾವ ಕಡೆ ಕಟ್ಟೆ ಇತ್ತು, ಎಲ್ಲಿ ದನ ದಾಟುತ್ತಿತ್ತು, ಯಾವ ಬಾವಿ ಬೇಸಗೆಯಲ್ಲೂ ಬತ್ತುತ್ತಿರಲಿಲ್ಲ. ಕನ್ನಡದಲ್ಲಿ ಬರೆಯುವುದರಿಂದ ಅವರಿಗೆ ಓದಲು ಆಗುವುದಿಲ್ಲ, ಅದಕ್ಕೆ ಪ್ರತಿ ಪುಟದಲ್ಲಿ ನಕಾಶೆ ಹಾಕ್ತೇನೆ, ಅವರು ತಿದ್ದುತ್ತಾರೆ. ಪಾಲಕ್ಕಾಡಿನ ಹುಡುಗನೂ ಕೆಲವೊಮ್ಮೆ ಬರ್ತಾನೆ. ಅವನಿಗೆ ಎಲ್ಲ ಹೇಳಿದ್ದೇನೆ, ನಾನು ಯಾಕೆ ಆ ಮನೆ ಬಿಟ್ಟೆ ಅನ್ನುವುದನ್ನೂ. ಒಂದು ತಿಂಗಳು ಮಾತಾಡಲಿಲ್ಲ.

ಪುಸ್ತಕದ ಮೊದಲ ಸಾಲನ್ನು ಅವನೇ ಹೇಳಿ ಬರೆಸಿದ್ದು: “15 ಅಕ್ಟೋಬರ್ 2023. ನೀರು ಮೂರನೇ ಮೆಟ್ಟಿಲು ಮುಳುಗಿಸಿ, ಸ್ವಿಚ್ ಬೋರ್ಡಿಗಿಂತ ಒಂದು ಗೇಣು ಕೆಳಗೆ ನಿಂತಿತು.”

ಇಷ್ಟೇ.  ಪ್ರಶ್ನೆ ಇದ್ದರೆ ಕೇಳಿ, ಟ್ರಾಫಿಕ್ ಬಗ್ಗೆ ಬಿಟ್ಟು.